ದುಂಡು ಹೆಗಲು

ಸೊನ್ನೆಬೆರ್ಗ್ ಬೊಂಬೆಗಳ ಊರು.
ನಮ್ಮ ಮನೆಗೆ ಮಾತ್ರ ಬಂದದ್ದು ಈ ಪೆಟ್ಟಿಗೆ,
ತಮ್ಮ ಓರ್ಟ್‌ವಿನ್‌ನ ಹತ್ತನೆಯ ಹುಟ್ಟುಹಬ್ಬಕ್ಕೆ.
ಬೆಂಕಿಪೊಟ್ಟಣದಗಲದ ಪ್ಲಾಸ್ಟಿಕ್ ತುಂಡುಗಳು,
ಒಂದೊಂದರ ನೆತ್ತಿಯ ಮೇಲೂ ಒಂದೊಂದು ಗುರುತು.
ಪಕ್ಕಪಕ್ಕ ಒತ್ತಿ ಕೂರಿಸಿದರೆ
ಪೀಂ ಅನ್ನುತ್ತಿತ್ತು.
ಆ ಪೀಂ ಯಾವ ಆಕಾರದ್ದೆಂದು ನೋಡಲು
ಪೆಟ್ಟಿಗೆಯಲ್ಲಿ ಏನೂ ಇರಲಿಲ್ಲ.

ನೋಡುವುದೇ ಆಮೇಲೆ ನನ್ನ ಹೊಟ್ಟೆಪಾಡಾಯಿತು.
ಗುಡ್ಡದ ಮೇಲಿನ ಕಾರ್ಖಾನೆ, ಹದಿನೈದು ವರ್ಷ,
ಹಸಿರು ತೆರೆಯ ಮುಂದೆ ಕೂತು
ಅಲೆ ನೆಟ್ಟಗಿದ್ದರೆ ಎಡಗಡೆಯ ತಟ್ಟೆಗೆ,
ಸೊಟ್ಟಗಿದ್ದರೆ ಬಲಗಡೆಗೆ.
ಒಂದೊಂದು ಆಸಿಲೋಸ್ಕೋಪೂ ಕೊಬ್ಬಿದ ಹಂದಿಯಷ್ಟು ಭಾರ.
ಬಾಗಿಲು ಮುಚ್ಚಿದ ವಾರ ಎಲ್ಲವನ್ನೂ ಲಾರಿಗೆ ಎಸೆದರು.
ಗಾಜು ಸಿಡಿದಾಗ ಗುಂಡುಲಾ ನಕ್ಕಳು,
ಯಾಕೆ ನಕ್ಕಳೋ, ನಾನು ಕೇಳಲಿಲ್ಲ.

ಈಗ ಅರವತ್ತೇಳು. ಈ ಚಳಿಗಾಲ ಪೂರ್ತಿ
ಆ ಹಂದಿಯನ್ನು ಬೆಂಕಿಪೊಟ್ಟಣಕ್ಕೆ ತುರುಕುವ ಕೆಲಸ.
ಬಲ್ಬು ಸತ್ತ ಹಳೆಯ ತುಂಡೊಂದನ್ನು ಬಗೆದು
ಹಿತ್ತಾಳೆ ಸ್ಪ್ರಿಂಗು ಮಾತ್ರ ಉಳಿಸಿಕೊಂಡೆ.
ಹೆಬ್ಬೆರಳ ಉಗುರಿನಷ್ಟು ತೆರೆ, ಅದರಡಿ ಒಂದು ಚಿಪ್,
ಸುತ್ತ ಗಸಗಸೆಯಂಥ ರೆಸಿಸ್ಟರುಗಳು.
ಉಸಿರು ಬಿಟ್ಟರೆ ಹಾರುತ್ತವೆ.
ಒಂದು ಕಾಫಿಗೇ ಬಿತ್ತು; ಗೊತ್ತಾಗುವಷ್ಟರಲ್ಲಿ ಕುಡಿದಿದ್ದೆ.
ಮೊದಲನೆಯದು ಸುಟ್ಟಿತು: ಪ್ಲಸ್ಸು ಮೈನಸ್ಸು ಅದಲುಬದಲು,
ಹದಿನೈದು ವರ್ಷದ ಅನುಭವ!
ಎರಡನೆಯದು ಕಣ್ಣೇ ಬಿಡಲಿಲ್ಲ.
ಮೂರನೆಯದಕ್ಕೆ ಹೊಸ ಉಪಾಯ:
ಮುಂಗೈಯನ್ನು ಮೇಜಿನಂಚಿಗೆ ಒತ್ತಿ ಕಾಯುವುದು.
ನಡುಕಕ್ಕೂ ದಣಿವುಂಟು, ಒಂದು ಗಳಿಗೆ ನಿಲ್ಲುತ್ತದೆ.
ಆ ಸಂದಿನಲ್ಲಿ ಬೆಸುಗೆ.

ಪುಸ್ತಿಕೆಯ ಮೂವತ್ತನಾಲ್ಕನೆಯ ಪುಟ:
ಎರಡು ಟ್ರಾನ್ಸಿಸ್ಟರು, ಒಂದು ಎದ್ದರೆ ಇನ್ನೊಂದು ಮಲಗಬೇಕು.
ಪಕ್ಕದಲ್ಲಿ ಅಚ್ಚಾದ ಅಲೆ, ಕೋಟೆಗೋಡೆಯ ತೆನೆಯಂತೆ
ಸ್ಕೇಲಿಟ್ಟು ಎಳೆದದ್ದು, ಮೂಲೆಮೂಲೆಯೂ ಚೂಪು.
ಅದರ ಕೆಳಗೆ ಪೆನ್ಸಿಲಿನಲ್ಲಿ ಓರ್ಟ್‌ವಿನ್ ಬರೆದ ಇನ್ನೊಂದು ಅಲೆ:
ಇಳಿಯುವಾಗ ಕಡಿದು ಹಾಕಿದ ಹಾಗೆ,
ಏರುವಾಗ ಮಾತ್ರ ಹೆಗಲು ದುಂಡಗೆ.
ಅದರ ಮೇಲೆ ಮೇಷ್ಟ್ರು ಕ್ನಾಬೆಯ ಕೆಂಪು ಶಾಯಿ:
ತಪ್ಪು. ಪುಸ್ತಕ ನೋಡಿ ಬರೆಯುವುದು.

ಒಂಬತ್ತು ವೋಲ್ಟಿನ ಬ್ಯಾಟರಿ ಸಿಕ್ಕಿಸಿದೆ.
ಪೀಂ.
ತೆರೆ ಎರಡು ಸಲ ಮಿಟುಕಿತು,
ಮೂರನೆಯ ಸಲ ಗೆರೆ ನಿಂತಿತು.
ಇಳಿತ ಕಡಿದ ಹಾಗೆ.
ಏರಿನಲ್ಲಿ ದುಂಡು ಹೆಗಲು.
ಕೆಪಾಸಿಟರ್ ತುಂಬುವವರೆಗೆ ಅದು ಹಾಗೇ ಏರಬೇಕು,
ಯಾವ ಸ್ಕೇಲಿನ ಮಾತನ್ನೂ ಕೇಳದು.
ನಾನಾಗಿದ್ದರೆ ಬಲಗಡೆಯ ತಟ್ಟೆಗೆ ಹಾಕುತ್ತಿದ್ದೆನೇನೋ.
ಹನ್ನೊಂದರ ಹುಡುಗ, ಕಿವಿಗೆ ಇಯರ್‌ಫೋನ್ ಬಿಟ್ಟರೆ ಗತಿಯಿಲ್ಲ,
ಕೇಳಿಸಿದ್ದನ್ನೇ ಬರೆದಿದ್ದ.

ಫೋನು ಮಾಡಿದೆ. ನೀನು ಹೇಳಿದ್ದೇ ಸರಿ ಕಣೋ, ಅಂದೆ.
ಯಾವುದು?
ಅಲೆ. ಮೂವತ್ತನಾಲ್ಕನೆಯ ಪುಟ. ಕ್ನಾಬೆ ಮೇಷ್ಟ್ರು.
ಅಕ್ಕಾ, ಹನ್ನೊಂದೂವರೆ. ಎರಡಕ್ಕೆ ಎದ್ದು
ಬೇಕರಿ ಒಲೆ ಹಚ್ಚಬೇಕು.
ಇಟ್ಟುಬಿಟ್ಟ.

ಬೆಳಗ್ಗೆ ಬಂದ, ಬಗಲಲ್ಲಿ ಗಸಗಸೆಯ ಕೇಕು,
ತೋಳಿನವರೆಗೆ ಹಿಟ್ಟು.
ಪೆನ್ಸಿಲಿನ ಅಲೆ ನೋಡಿದ, ತೆರೆಯ ಅಲೆ ನೋಡಿದ,
ಇದು ನನ್ನ ಕೈಬರಹ ಅಲ್ಲ ಅಂದ. ಅವನದೇ.
ಆಮೇಲೆ, ನಾನು ಬೇಡ ಅನ್ನುವ ಮೊದಲೇ
ತಂತಿಯ ಬರಿತುದಿಗೆ ಬೆರಳಿಟ್ಟ.
ತೆರೆಯ ತುಂಬ ಕೊಬ್ಬಿದ, ನಿಧಾನದ ಅಲೆ.
ಇದು ನಾನಾ?
ಅಲ್ಲ, ಗೋಡೆಯೊಳಗಿನ ಕರೆಂಟು.
ಸೆಕೆಂಡಿಗೆ ಐವತ್ತು ಸಲ, ನಿನ್ನ ಮೈ ಹಾದು ಹೋಗುತ್ತಿದೆ.
ನನಗೇನೂ ಗೊತ್ತಾಗುತ್ತಿಲ್ಲವಲ್ಲ, ಅಂದ.
ಬೆರಳು ತೆಗೆಯಲಿಲ್ಲ.
ನಾನು ಎಡಗೈಯಲ್ಲೇ ಕೇಕು ಕತ್ತರಿಸಿದೆ,
ಬಲಗೈಯಲ್ಲಿ ತೆರೆ ಹಿಡಿದುಕೊಂಡಿದ್ದೆ, ಅವನಿಗೆ ಕಾಣಲೆಂದು.